ಸಾರಾಳ ಮಗ ಊಟಕ್ಕೆ ಬಂದಳು

ಶಿಕಾರಿಪುರ

ನಾನು ಹೋದದ್ದು ಬಾಣಂತನ ಮಾಡಲು, ದೇಶ ನೋಡಲು ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಊರಿಗೆ ಮರಳಿದಾಗಿನಿಂದ ಸಂತೆಯಲ್ಲಿ, ಬ್ಯಾಂಕಿನಲ್ಲಿ, ಎಲ್ಲೆಂದರಲ್ಲಿ ಜನ ನಿಲ್ಲಿಸಿ ಹಿಮಕರಡಿ ನೋಡಿದ್ರಾ ಮೇಡಂ ಎಂದು ಕೇಳುತ್ತಾರೆ. ನೋಡಲಿಲ್ಲ. ನಾನು ಬೆಚ್ಚಿಬಿದ್ದದ್ದು ಕರಡಿಗಲ್ಲ, ಗುಲಾಬಿ ಬಣ್ಣದ ಜಾಕೀಟು ತೊಟ್ಟ ಐದು ವರ್ಷದ ಒಂದು ಹುಡುಗಿಗೆ. ಅದನ್ನು ಸಂತೆಯಲ್ಲಿ ನಿಂತು ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳು ಶೈಲಾ ಗ್ರೀನ್‌ಲ್ಯಾಂಡಿನ ನೂಕ್ ಎಂಬ ಊರಿನಲ್ಲಿ ಮೀನುಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಮೊಟ್ಟೆ ಕೂಡ ಹೊಸಿಲು ದಾಟದ ಮನೆಯಲ್ಲಿ ಬೆಳೆದವಳು ಈಗ ಸತ್ತ ಮೀನಿನ ತಲೆ ಸೀಳಿ ಅದರ ವಯಸ್ಸು ಹೇಳುತ್ತಾಳೆ. ಅಳಿಯ ಪ್ರಸನ್ನ ಸೊರಬದವನು, ಅಲ್ಲಿಯ ಬಂದರಿನ ಶೀತಲಗೃಹದಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಮೊದಲ ಹೆರಿಗೆ ತವರಿನದು ಎನ್ನುತ್ತಾರಲ್ಲ. ಮಗಳು ತವರಿಗೆ ಬರಲಾಗದಿದ್ದರೆ ತವರೇ ಗಂಟುಮೂಟೆ ಕಟ್ಟಿಕೊಂಡು ಹೋಗಬೇಕು. ಕಾಲೇಜಿನಿಂದ ನಿವೃತ್ತಳಾಗಿ ಮನೆಯಲ್ಲಿದ್ದ ನಾನು ಅಂಟಿನುಂಡೆ, ಒಣಶುಂಠಿ, ಬಜೆಬೇರು ಎಲ್ಲ ತುಂಬಿಕೊಂಡು ಹೊರಟೆ.

ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ನಮ್ಮ ಯಜಮಾನರು ಬಸ್ಸು ಹೊರಡುವವರೆಗೂ ಏನೂ ಮಾತಾಡಲಿಲ್ಲ. ಅವರದು ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ವ್ಯಾಪಾರ. ದಿನವಿಡೀ ಕೂಗಾಡಿ ಮನೆಗೆ ಬಂದು ಮೌನವಾಗುವ ಮನುಷ್ಯ. ಡ್ರೈವರು ಗಾಡಿ ಚಾಲೂ ಮಾಡಿದ ಮೇಲೆ ಕಿಟಕಿಯ ಹತ್ತಿರ ಬಂದರು.

"ಗಂಡಾದ್ರೆ ಅವನ ಹೆಸರೇ ಇಡ್ಬೇಕು. ಶೈಲಾಗೆ ನೀನೇ ಹೇಳು. ಅವನೇ ಬರ್ತಾನೆ, ನೋಡ್ತಿರು."

ಅವನು ಎಂದರೆ ನಮ್ಮ ಮಗ. ಶೈಲಾಳ ತಮ್ಮ. ಇಪ್ಪತ್ತೆರಡನೆಯ ವಯಸ್ಸಿಗೆ ಡೆಂಗಿ ಜ್ವರದಲ್ಲಿ ಹೋದ. ಎರಡು ವರ್ಷವಾಯಿತು. ಹೋದವರ ಹೆಸರನ್ನು ಮನೆಯಲ್ಲಿ ಹುಟ್ಟಿದ ಕೂಸಿಗೆ ಇಡುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಇಟ್ಟ ಮೇಲೆ ಅವರೇ ತಿರುಗಿ ಬಂದರು ಎನ್ನುವುದೂ ಬಂದದ್ದೇ. ನನಗೆ ಮಾತ್ರ ಅದು ಒಪ್ಪಿಗೆಯಿರಲಿಲ್ಲ. ಕಿಟಕಿಯ ಗಾಜು ಎಳೆದೆ.

ನಾನು ಕಾಲೇಜಿನಲ್ಲಿ ಕಲಿಸಿದ್ದು ತರ್ಕಶಾಸ್ತ್ರ. ಅದರ ಮೊದಲ ಪಾಠವೇ, ಯಾವುದೇ ವಸ್ತು ತಾನು ತಾನೇ, ಇನ್ನೊಂದಲ್ಲ ಎಂಬುದು. ಪ್ರತಿವರ್ಷ ಒಬ್ಬನಾದರೂ ಹಿಂದಿನ ಬೆಂಚಿನಿಂದ ಇದನ್ನ ಕಲಿಯಾಕೆ ಕಾಲೇಜ್ ಯಾಕ್ರೀ ಮೇಡಂ ಎನ್ನುತ್ತಿದ್ದ. ಇಡೀ ಕ್ಲಾಸು ನಗುತ್ತಿತ್ತು, ನಾನೂ ನಗುತ್ತಿದ್ದೆ. ಮಗ ಹೋದ ಮೇಲೆ ಗೊತ್ತಾಯಿತು, ನಗುವ ಪಾಠವಲ್ಲ ಅದು. ಅವನು ಅವನೇ ಆಗಿದ್ದಕ್ಕೇ ಅಲ್ಲವೇ ನಾನು ಅತ್ತದ್ದು? ಅವನ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಿದರೆ ಸರಿಹೋಗುವ ಹಾಗಿದ್ದರೆ ಅಳುವುದು ಯಾಕೆ? ಹೆಸರು ಕೂಸಿಗೆ ಇಟ್ಟ ದಿನವೇ ಜನ ಸಮಾಧಾನವಾಗಿಬಿಡುತ್ತಾರೆ. ಬಂದನಲ್ಲ ಬಿಡು ಎನ್ನುತ್ತಾರೆ. ಆಮೇಲೆ ಹೋದವನನ್ನು ನೆನೆಯುವವರೇ ಇರುವುದಿಲ್ಲ. ನನ್ನ ಮಗನನ್ನು ಹಾಗೆ ಅಳಿಸಿಹಾಕಲು ನಾನು ಬಿಡುವುದಿಲ್ಲ ಎಂದು ತೀರ್ಮಾನಿಸಿಕೊಂಡಿದ್ದೆ. ಅವನ ಹೆಸರನ್ನು ನಾನೇ ಎರಡು ವರ್ಷದಿಂದ ಬಾಯಲ್ಲಿ ಆಡಿರಲಿಲ್ಲ.

ಕೋಪನ್‌ಹೇಗನ್

ಇಲ್ಲಿ ವಿಮಾನ ಬದಲಿಸಬೇಕು. ತಪಾಸಣೆಯವನು ನನ್ನ ಚೀಲದಿಂದ ಬಜೆಬೇರು ತೆಗೆದು ಮೂಸಿ ನೋಡಿ ಮುಖ ಹಿಂಡಿದ. ಕೂಸಿಗೆ ತೇದು ನೆಕ್ಕಿಸುವುದು ಎಂದು ಸನ್ನೆ ಮಾಡಿ ತೋರಿಸಿದೆ. ಆ ಪಾಪದ ಕೂಸಿನ ಬಗ್ಗೆ ಅವನಿಗೆ ಅಯ್ಯೋ ಎನಿಸಿರಬೇಕು, ಬೇರನ್ನು ತಾನೇ ಇಟ್ಟುಕೊಂಡ. ಅಂಟಿನುಂಡೆಯ ಡಬ್ಬಿಯನ್ನು ಮಾತ್ರ ಬಿಟ್ಟುಕೊಟ್ಟ. ಶಿರಾಳಕೊಪ್ಪದ ಅಂಗಡಿಗಳನ್ನೆಲ್ಲ ಅಲೆದು ತಂದ ಬೇರು, ಹೊಟ್ಟೆ ಉರಿಯಿತು.

ನೂಕ್

ಮೇಲಿನಿಂದ ಕಂಡಾಗ ಊರೇ ಅಲ್ಲ ಅನ್ನಿಸಿತು. ಬೋಳು ಬಂಡೆಗಳ ಮೇಲೆ ಕೆಂಪು, ಹಳದಿ, ನೀಲಿ ಮರದ ಮನೆಗಳು. ಒಂದು ಮರವಿಲ್ಲ. ಜೂನ್ ತಿಂಗಳಲ್ಲೂ ನೆರಳಿನ ಕಡೆ ಹಿಮ ಉಳಿದಿತ್ತು. ಕತ್ತಲೆಯೆಂಬುದು ಆಗುವುದೇ ಇಲ್ಲ. ಬೆಳಕಿನಲ್ಲಿ ಮಲಗಿ ಬೆಳಕಿನಲ್ಲಿ ಎದ್ದರೆ ನಿದ್ದೆ ಮಾಡಿದ ಸಮಾಧಾನವೇ ಇರುವುದಿಲ್ಲ. ಶೈಲಾ ದಪ್ಪ ಪರದೆ ಹಾಕಿಕೊಟ್ಟಿದ್ದಳು, ಆದರೂ ನಮ್ಮೂರಿನ ಕತ್ತಲೆಗೆ ಅದು ಸಮವಲ್ಲ.

ಮೂರನೆಯ ದಿನವೋ ಏನೋ, ಶೈಲಾ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುತ್ತಿದ್ದಾಗ ನಾನು ಬೀದಿಯಲ್ಲಿ ನಡೆಯುತ್ತಿದ್ದೆ. ಕಾಫಿ ಅಂಗಡಿಯೊಂದರ ಹೊರಗೆ ಕೂಸಿನ ತಳ್ಳುಗಾಡಿ ನಿಂತಿತ್ತು. ಒಳಗೆ ನೋಡಿದರೆ ಕೂಸಿದೆ. ಮೂಗಿನ ತುದಿ ಕೆಂಪಾಗಿದೆ. ಸುತ್ತ ಒಂದು ನರಪಿಳ್ಳೆಯಿಲ್ಲ. ಸಮುದ್ರದ ಗಾಳಿ ನನ್ನ ಹಲ್ಲನ್ನೇ ಕಟಕಟ ಎನಿಸುತ್ತಿತ್ತು. ಯಾರೋ ಪಾಪಿ ಹೆತ್ತು ಬಿಟ್ಟುಹೋಗಿದ್ದಾಳೆ ಎಂದೇ ತಿಳಿದೆ. ಹಿಂದೆಮುಂದೆ ನೋಡದೆ ಕೂಸನ್ನು ಎತ್ತಿ ಶಾಲಿನೊಳಗೆ ಹಾಕಿಕೊಂಡು ಅಂಗಡಿಯೊಳಗೆ ನುಗ್ಗಿ, ಯಾರದಿದು ಕೂಸು ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಸಿಟ್ಟು ಏರಿದಾಗ ಇಂಗ್ಲಿಷು ಹೋಗಿ ಕನ್ನಡ ಬಂತು, ಕನ್ನಡದಲ್ಲೂ ಬೈದೆ.

ಕಿಟಕಿಯ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಹೆಣ್ಣುಮಗಳೊಬ್ಬಳು ನಿಧಾನವಾಗಿ ಎದ್ದು ಬಂದಳು. ಅವಳದೇ ಕೂಸು. ಕೋಪವಿಲ್ಲ, ಗಾಬರಿಯಿಲ್ಲ. ನನ್ನ ಭುಜ ತಟ್ಟಿ, ಕೂಸನ್ನು ಈಸಿಕೊಂಡು, ಮತ್ತೆ ಹೊರಗೆ ಒಯ್ದು ಅದೇ ಗಾಡಿಯಲ್ಲಿ ಮಲಗಿಸಿ ಬಂದಳು. ಬಾಗಿಲು ಮುಚ್ಚಿ, ಕಿವಿಗೆ ಹತ್ತಿ ತುರುಕಿ, ಕುಳ್ಳಿನ ಬೆಂಕಿಯ ಹೊಗೆಯಲ್ಲಿ ಕೂಸು ಸಾಕುವ ಸೀಮೆಯಿಂದ ಬಂದವಳು ನಾನು. ಮೂಲೆಯ ಮೇಜಿನಿಂದ ಒಬ್ಬಳು ಗಹಗಹಿಸಿ ನಕ್ಕಳು. ಗುಂಡಗಿನ ಕುಳ್ಳ ಹೆಂಗಸು, ನನ್ನದೇ ವಯಸ್ಸು. ಅವಳೇ ಸಾರಾ, ಶೈಲಾಳ ಪಕ್ಕದ ಮನೆಯವಳು.

ಸಂಜೆ ಅಳಿಯನಿಗೆ ಹೇಳಿದರೆ ಅವನಿಗೂ ನಗು.

"ಇಲ್ಲಿ ಹಂಗೇ ಅತ್ತೆ. ಗಾಳೀಲಿ ಮಲಗಿದ್ರೆ ಕೂಸು ಗಟ್ಟಿ ಆಗ್ತದಂತೆ ಮಾರಾಯ್ರೆ."

ನಮ್ಮ ಕೂಸನ್ನು ಹೊರಗೆ ಮಲಗಿಸಿದರೆ ನಾನು ಮುಂದಿನ ವಿಮಾನಕ್ಕೆ ವಾಪಸು ಹೋಗುತ್ತೇನೆ ಎಂದೆ. ಅವನು ನಗು ನಿಲ್ಲಿಸಿದ.

ಸಾರಾಳ ಮನೆ

ಸಾರಾ ಮಕ್ಕಳ ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಗಂಡನಿಲ್ಲ. ಅವಳ ಇಂಗ್ಲಿಷು ಟೀವಿಯಿಂದ ಬಂದದ್ದು, ನನ್ನದು ಪುಸ್ತಕದಿಂದ, ಇಬ್ಬರಿಗೂ ಸಾಕಾಗುತ್ತಿತ್ತು. ಕೂಸು ಎತ್ತಿಕೊಂಡು ಓಡಿದ ಹೆಂಗಸು ಎಂದು ಊರಿಗೆಲ್ಲ ನನ್ನನ್ನು ಪರಿಚಯಿಸಿದವಳೂ ಅವಳೇ. ಅವರ ಮನೆಗಳಲ್ಲೂ ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಬರಬೇಕು, ಬಂದವರಿಗೆ ಕಾಫಿ ಕೊಡದೆ ಕಳಿಸುವುದಿಲ್ಲ. ಅಷ್ಟಕ್ಕೇ ನನಗೆ ಅವಳು ನಮ್ಮೂರವಳು ಅನ್ನಿಸತೊಡಗಿದ್ದಳು. ಅದೇ ತಪ್ಪಾಯಿತು.

ಒಂದು ದಿನ ಊಟಕ್ಕೆ ಕರೆದಳು. ನಾನು ಮೀನು ಮಾಂಸ ಮುಟ್ಟುವುದಿಲ್ಲ ಎಂದು ಗೊತ್ತಿದ್ದರಿಂದ ಆಲೂಗೆಡ್ಡೆ ಬೇಯಿಸಿಟ್ಟಿದ್ದಳು. ನಾನು ರೊಟ್ಟಿ, ಚಟ್ನಿಪುಡಿ ಒಯ್ದಿದ್ದೆ. ಗೋಡೆಯ ಮೇಲೆ ದೋಣಿಯ ಮುಂದೆ ನಿಂತ ಅಗಲ ಭುಜದ ಯುವಕನ ಫೋಟೋ ಇತ್ತು. ನನ್ನ ಮಗ ಪಾವಿಯಾ, ಈಗ ಊಟಕ್ಕೆ ಬರುತ್ತಾನೆ ಎಂದಳು. ಮೂರನೆಯ ತಟ್ಟೆ ಇಟ್ಟಳು. ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿಯ ಧೂಳು ಒರೆಸಿದಳು. ಮಗನಿರುವ ತಾಯಿಯ ಸಡಗರ ಕಂಡು ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಬಾಗಿಲು ತೆರೆಯಿತು. ಗುಲಾಬಿ ಜಾಕೀಟಿನ ಪುಟ್ಟ ಹುಡುಗಿಯೊಂದು ಬೂಟು ಕಿತ್ತೆಸೆದು ಒಳಗೆ ಬಂತು. ಸಾರಾ ಎದ್ದು ಹೋಗಿ ಅದರ ಕೆನ್ನೆಗೆ ಮೂಗು ಒತ್ತಿ, ನನ್ನ ಕಡೆ ತಿರುಗಿ ಹೇಳಿದಳು.

"ಇವನೇ ನನ್ನ ಮಗ."

ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ, ಹಿಂದೆ ಆ ಯುವಕ ಬರುತ್ತಾನೆಂದು. ಯಾರೂ ಬರಲಿಲ್ಲ. ಹುಡುಗಿ ನೇರವಾಗಿ ಹೋಗಿ ಒಳ್ಳೆಯ ಕುರ್ಚಿ ಏರಿ ಕೂತಿತು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಸಾರಾ ಮೀನಿನ ಮೊದಲ ಹೋಳನ್ನು ಅದಕ್ಕೆ ಬಡಿಸಿದಳು. ಆಲೂಗೆಡ್ಡೆಯನ್ನು ಅದು ಪಕ್ಕಕ್ಕೆ ಸರಿಸಿದಾಗ, ಇವನು ಮೊದಲಿನಿಂದಲೂ ಹೀಗೇ, ದೋಣಿಗೆ ಬುತ್ತಿ ಕಟ್ಟಿದರೂ ಆಲೂಗೆಡ್ಡೆ ಮಾತ್ರ ವಾಪಸು ತರುತ್ತಿದ್ದ ಎಂದು ನನಗೆ ವಿವರಿಸಿದಳು. ಈ ಹೆಂಗಸಿಗೆ ತಲೆ ಸರಿಯಿಲ್ಲ, ಯಾರದೋ ಮಗುವನ್ನು ಮನೆಗೆ ಕರೆಸಿಕೊಂಡಿದ್ದಾಳೆ, ಇದರ ತಾಯಿಗೆ ಗೊತ್ತಿದೆಯೋ ಇಲ್ಲವೋ ಎಂದು ಹೆದರಿದೆ. ತಲೆನೋವು ಎಂದು ನೆಪ ಹೇಳಿ ಎದ್ದು ಬಂದೆ.

ಶೈಲಾ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಏದುಸಿರು ಬಿಡುತ್ತ ಹೇಳಿದ್ದನ್ನು ಕೇಳಿ ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ. ನನಗೆ ಗೊತ್ತು ಎಂದಳು. ಆಮೇಲೆ ಎಲ್ಲ ಹೇಳಿದಳು.

ಸಾರಾಳ ಮಗ ಮೀನು ಹಿಡಿಯಲು ಹೋಗಿ ದೋಣಿ ಮಗುಚಿ ಸತ್ತ. ಸಮುದ್ರ ಹೆಣವನ್ನೂ ಕೊಡಲಿಲ್ಲ. ಕೆಲವು ತಿಂಗಳ ಮೇಲೆ ಎದುರು ಸಾಲಿನ ಮನೆಯಲ್ಲಿ ಈ ಹುಡುಗಿ ಹುಟ್ಟಿತು. ರಕ್ತಸಂಬಂಧ ಏನೂ ಇಲ್ಲ. ಮಗುವಿನ ತಾಯಿ ತಾನೇ ಸಾರಾಳ ಮನೆಗೆ ಬಂದು, ನಿನ್ನ ಮಗನ ಹೆಸರನ್ನು ಇವಳಿಗೆ ಕೊಡುತ್ತೀಯಾ ಎಂದು ಕೇಳಿದಳು. ಇಲ್ಲಿ ಹಾಗೆ ಹೆಸರು ಕೊಟ್ಟರೆ ನಂಟೂ ಕೊಟ್ಟ ಹಾಗೆ. ಹುಡುಗಿ ಸಾರಾಳನ್ನು ಅಮ್ಮ ಎನ್ನುತ್ತದೆ, ಸಾರಾ ಅದನ್ನು ಮಗನೇ ಎನ್ನುತ್ತಾಳೆ. ಗಂಡು ಹೆಣ್ಣು ಎಂಬ ಲೆಕ್ಕ ಹೆಸರಿಗೆ ಇಲ್ಲ. ಹೆತ್ತ ತಾಯಿಗೆ ಬೇಸರವೂ ಇಲ್ಲ, ತನ್ನ ಮಗುವಿಗೆ ಇನ್ನೊಂದು ಮನೆ ಸಿಕ್ಕಿತು ಎನ್ನುತ್ತಾಳೆ.

ನನಗೆ ಸಿಟ್ಟು ನೆತ್ತಿಗೇರಿತು. ಸತ್ತ ಮಗನನ್ನು ಗೋಡೆಗೆ ನೇತುಹಾಕಿ ಅವನ ಕುರ್ಚಿಯಲ್ಲಿ ಬೇರೆ ಮಗು ಕೂರಿಸಿ ನಗುನಗುತ್ತ ಮೀನು ಬಡಿಸುವವಳು ತಾಯಿಯೇ ಎಂದು ಕೇಳಿದೆ. ಆ ಮಗುವಿನ ಗತಿಯೇನು, ಅದು ತಾನಾಗಿ ಬೆಳೆಯುವುದು ಯಾವಾಗ ಎಂದೂ ಕೇಳಿದೆ. ಶೈಲಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು.

"ನಮ್ಮಲ್ಲೂ ಹಿಂಗೇ ಅಲ್ಲೇನವ್ವ? ಅಪ್ಪಂಗೆ ಅವರಜ್ಜನ ಹೆಸರಿಟ್ಟಿದ್ದಕ್ಕೆ ಅಜ್ಜಿ ಸಾಯೋ ತನಕ ಒಂದು ಏಟು ಹೊಡೀಲಿಲ್ಲಂತೆ. ಮಾವನ ಹೆಸರು, ಹೆಂಗೆ ಹೊಡೀಲಿ ಅಂತಿದ್ಲಂತೆ."

ಅದು ನಿಜ. ನಮ್ಮತ್ತೆ ತಮ್ಮ ಮಗನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ, ಯಜಮಾನ್ರು ಎಂದೇ ಕರೆಯುತ್ತಿದ್ದರು. ಎರಡು ವರ್ಷದ ಮಗುವಿಗೂ ಬಹುವಚನ. ಅದು ಬರೀ ಮರ್ಯಾದೆ, ಇದು ಭ್ರಮೆ ಎಂದು ವಾದಿಸಿದೆ. ವ್ಯತ್ಯಾಸ ಏನು ಎಂದಳು. ಆಮೇಲೆ ಮೆಲ್ಲಗೆ, ತಮ್ಮನ ಹೆಸರಿಡಬೇಕೆಂದು ನನಗೂ ಆಸೆಯಿದೆ ಎಂದಳು. ಬ್ಯಾಡ ಅಂದ್ರೆ ಬ್ಯಾಡ ಎಂದು ಹೇಳಿ ನಾನು ಅಡುಗೆಮನೆಗೆ ಹೋದೆ.

ಗಾಳಿಯ ದಿನ

ಸಾರಾಳನ್ನು ತಪ್ಪಿಸಿಕೊಂಡು ತಿರುಗುವುದು ಹೆಚ್ಚು ದಿನ ಆಗಲಿಲ್ಲ. ಶೈಲಾಗೆ ಕೊಡು ಎಂದು ಬ್ರೆಡ್ಡು, ಹಣ್ಣಿನ ಜಾಮು ಮಾಡಿ ಬಾಗಿಲು ಬಡಿಯುತ್ತಿದ್ದಳು. ನನ್ನ ಮುಖ ಗಂಟಿಕ್ಕಿದ್ದು ಅವಳಿಗೆ ಕಾಣುತ್ತಲೇ ಇರಲಿಲ್ಲ, ಅಥವಾ ಕಂಡರೂ ಲೆಕ್ಕಕ್ಕಿಡಲಿಲ್ಲ. ಒಂದು ದಿನ ಜಾಮಿನ ಬಾಟಲಿ ವಾಪಸು ಕೊಡಲು ಅವಳ ಮನೆಗೆ ಹೋದೆ.

ಹೊರಗೆ ಭಾರಿ ಗಾಳಿ. ಬಂದರಿನಲ್ಲಿ ದೋಣಿಗಳನ್ನೆಲ್ಲ ಬಿಗಿದು ಕಟ್ಟಿದ್ದರು. ಹುಡುಗಿ ನೆಲದ ಮೇಲೆ ಬೋರಲು ಮಲಗಿ ಬಣ್ಣ ಹಚ್ಚುತ್ತಿತ್ತು. ಸಾರಾ ಕಿಟಕಿಯ ಮುಂದೆ ನಿಂತಿದ್ದಳು, ಸಮುದ್ರದ ಕಡೆ ಮುಖ. ನಾನು ಬಂದದ್ದೂ ಅವಳಿಗೆ ತಿಳಿಯಲಿಲ್ಲ. ಅಷ್ಟು ದಿನ ನಗುತ್ತಲೇ ಕಂಡಿದ್ದ ಹೆಂಗಸಿನ ಬೆನ್ನು ಹಾಗೆ ಬಾಗಿದ್ದನ್ನು ಕಂಡು ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಹುಡುಗಿ ತಲೆ ಎತ್ತಿ ನೋಡಿತು. ಬಣ್ಣದ ಕಡ್ಡಿ ಕೆಳಗಿಟ್ಟು ಎದ್ದು ಹೋಗಿ ಸಾರಾಳ ಕೈ ಹಿಡಿದು ಏನೋ ಹೇಳಿತು. ತೀರಾ ಸಹಜವಾಗಿ ಹೇಳಿತು. ಸಾರಾ ಅಲ್ಲೇ ಕುಕ್ಕರುಗಾಲಲ್ಲಿ ಕುಸಿದು ಅದನ್ನು ಅಪ್ಪಿಕೊಂಡಳು. ಕಣ್ಣೊರೆಸಿಕೊಂಡು ತಿರುಗಿದಾಗ ನನ್ನನ್ನು ಕಂಡಳು. ಏನು ಹೇಳಿತು ಎಂದು ಕೇಳಿದೆ.

"ಅಮ್ಮಾ, ಆವತ್ತು ನನಗೆ ಅಷ್ಟೇನೂ ಚಳಿಯಾಗಲಿಲ್ಲ ಅಂದ."

ಕೈಯಲ್ಲಿದ್ದ ಬಾಟಲಿಯನ್ನು ಬಾಗಿಲ ಪಕ್ಕ ಇಟ್ಟೆ. ಹುಡುಗಿ ಆಗಲೇ ಹೋಗಿ ಬಣ್ಣ ಹಚ್ಚುತ್ತಿತ್ತು. ಅದಕ್ಕೆ ಆ ನೀರಿನ ಸಂಗತಿ ಏನೂ ಗೊತ್ತಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ದೊಡ್ಡವರ ಮಾತು ಅಲ್ಲಿ ಇಲ್ಲಿ ಕೇಳಿ ಒಂದು ಸಮಾಧಾನದ ಸುಳ್ಳು ಕಟ್ಟಿಕೊಂಡಿದೆ ಅಷ್ಟೆ. ಇದನ್ನೆಲ್ಲ ಬಲ್ಲವಳಾದ ನಾನು ಮೆಟ್ಟಿಲ ಮೇಲೆ ಬಂದು ಕೂತು ಅತ್ತೆ. ನನ್ನ ಮಗನನ್ನು ಕೊನೆಯ ದಿನ ಗಾಜಿನ ಬಾಗಿಲ ಒಳಗೆ ಮಲಗಿಸಿದ್ದರು, ನಮ್ಮನ್ನು ಹತ್ತಿರ ಬಿಡಲಿಲ್ಲ. ಅವನಿಗೆ ತುಂಬಾ ನೋವಾಯಿತೋ, ನೀರು ಕೇಳಿದನೋ, ನನ್ನನ್ನು ಕರೆದನೋ ಎಂದು ಎರಡು ವರ್ಷದಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಅಷ್ಟೇನೂ ನೋವಾಗಲಿಲ್ಲ ಅವ್ವ ಎಂದು ಸುಳ್ಳಾದರೂ ಹೇಳುವವರು ನನಗೆ ಯಾರಿದ್ದಾರೆ?

ಹೆಸರಿಲ್ಲದ ಶಿಲುಬೆಗಳು

ಆ ಮಾತು ಕೇಳಿದ ಮೇಲೆ ಸಾರಾಳಿಗೆ ನನ್ನ ಮಗನ ವಿಷಯ ಹೇಳದೆ ಇರಲಾಗಲಿಲ್ಲ. ಅವಳು ಅಯ್ಯೋ ಪಾಪ ಎನ್ನಲಿಲ್ಲ. ಮರುದಿನ ಗಾಳಿ ಇಳಿದ ಮೇಲೆ ನನ್ನನ್ನು ಗುಡ್ಡದ ಇಳಿಜಾರಿನ ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಬಿಳಿ ಮರದ ಶಿಲುಬೆಗಳು, ಪ್ಲಾಸ್ಟಿಕ್ ಹೂಗಳು. ಓದುತ್ತ ಹೋದರೆ ಹಳೆಯವು ಎಷ್ಟೋ ಶಿಲುಬೆಗಳ ಮೇಲೆ ಅಕ್ಷರವೇ ಇಲ್ಲ. ನಮ್ಮಲ್ಲಿ ಹೊಲದ ಬದುವಿನಲ್ಲಿ ಮಣ್ಣು ಮಾಡಿದರೂ ಮೇಲೊಂದು ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸುತ್ತೇವೆ. ನನ್ನ ಮಗನ ಕಲ್ಲಿಗೆ ಯಜಮಾನರು ಶಿವಮೊಗ್ಗದಿಂದ ಕೆತ್ತುವವರನ್ನು ಕರೆಸಿದ್ದರು. ಇವರಿಗೆ ಅಷ್ಟೂ ಬೇಡವೇ ಎಂದು ಕೇಳಿದೆ. ಹೆಸರು ಇಲ್ಲಿ ಮಲಗಿ ಏನು ಮಾಡಬೇಕು, ಅದಕ್ಕೆ ಊರೊಳಗೆ ಕೆಲಸವಿದೆ ಎಂದಳು ಸಾರಾ. ಅವಳ ಅಜ್ಜಿಯ ಕಾಲದಲ್ಲಿ ಯಾರಾದರೂ ಸತ್ತರೆ ಅವರ ಹೆಸರು ಹೊತ್ತ ಕೂಸು ಹುಟ್ಟುವ ತನಕ ಆ ಹೆಸರನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲವಂತೆ.

ತನ್ನ ಮಗನ ಶಿಲುಬೆಯ ಮುಂದೆ ನಿಂತು ಅವಳು, ಇದರ ಕೆಳಗೆ ಯಾರೂ ಇಲ್ಲ ಎಂದಳು. ನನಗೆ ತಡೆಯಲಾಗಲಿಲ್ಲ, ನೇರವಾಗಿ ಕೇಳಿಬಿಟ್ಟೆ. ಆ ಹುಡುಗಿ ನಿನ್ನ ಮಗ ಎಂದು ನಿಜವಾಗಿ ನಂಬುತ್ತೀಯಾ ಎಂದೆ. ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

"ನನ್ನ ಮಗ ಸತ್ತ. ಅದು ನನಗೆ ಗೊತ್ತಿಲ್ಲವೇ? ಅವನು ಹೋದ, ಆದರೆ ನಾನು ಹೋಗಲಿಲ್ಲವಲ್ಲ. ಪಾವಿಯಾನ ತಾಯಿ ಇನ್ನೂ ಇದ್ದಾಳೆ. ಅವಳನ್ನು ನಾನು ಎಲ್ಲಿಡಲಿ?"

ಆಮೇಲೆ, ನಿನ್ನನ್ನು ನಿನ್ನೂರಲ್ಲಿ ಏನೆಂದು ಕರೆಯುತ್ತಾರೆ ಎಂದು ಕೇಳಿದಳು. ಸುಮ್ಮನೆ ಕೇಳಿದ ಮಾತು. ಉತ್ತರ ಹೇಳಲು ಹೋಗಿ ನಾನ್ಯಾರು ಎಂದು ನನಗೇ ದಿಕ್ಕು ತಪ್ಪಿತು. ನಮ್ಮ ಓಣಿಯಲ್ಲಿ ಹೆಂಗಸರನ್ನು ಹೆಸರಿನಿಂದ ಕರೆಯುವುದು ಕಡಿಮೆ, ಇಂಥವನ ಅವ್ವ ಎನ್ನುತ್ತಾರೆ. ಕಾಲೇಜಿನಲ್ಲಿ ಮೇಡಂ ಆದರೂ ಓಣಿಗೆ ಬಂದರೆ ನಾನು ನನ್ನ ಮಗನ ಅವ್ವ. ಯಜಮಾನರಂತೂ ಹಳೆಯ ಕಾಲದವರು, ಹೆಂಡತಿಯ ಹೆಸರು ಹಿಡಿದವರಲ್ಲ. ಕಾಫಿ ಬೇಕಾದರೂ, ಬೀಗದ ಕೈ ಕಾಣದಿದ್ದರೂ ಮಗನ ಹೆಸರು ಹಿಡಿದೇ ಕೂಗುತ್ತಿದ್ದರು; ಓಗೊಡುತ್ತಿದ್ದವಳು ನಾನು. ಮಗ ಮನೆಯಲ್ಲಿದ್ದರೆ ಅದು ನಿಂಗೆ ಕಣವ್ವ ಎಂದು ಅವನೇ ನಗುತ್ತಿದ್ದ. ಅವನು ಹೋದ ಮೇಲೆ ನನಗೆ ನೋವಾದೀತೆಂದು ಓಣಿಯವರು ಹಾಗೆ ಕರೆಯುವುದನ್ನು ನಿಲ್ಲಿಸಿದರು. ಮೇಡಂ ಎಂದರು, ಅಕ್ಕಾ ಎಂದರು. ಯಜಮಾನರು ಕೆಮ್ಮತೊಡಗಿದರು. ಏನಾದರೂ ಬೇಕಾದರೆ ಕೆಮ್ಮುತ್ತಾರೆ, ನಾನು ಹೋಗುತ್ತೇನೆ. ಎರಡು ವರ್ಷದಿಂದ ನನ್ನ ಮನೆಯಲ್ಲಿ ನನಗೆ ಹೆಸರಿಲ್ಲ. ಅದನ್ನು ಗಮನಿಸಿದ್ದೆನೇ ಎಂದರೆ ಗಮನಿಸಿರಲಿಲ್ಲ, ಆ ಗುಡ್ಡದ ಮೇಲೆ ಇಂಗ್ಲಿಷಿನಲ್ಲಿ ಒಬ್ಬಳಿಗೆ ವಿವರಿಸುವ ತನಕ.



ಆಸ್ಪತ್ರೆ

ಎರಡು ವಾರದ ಮೇಲೆ ಶೈಲಾಗೆ ಹೆರಿಗೆಯಾಯಿತು. ಹೆಣ್ಣು. ತಲೆ ತುಂಬಾ ಕೂದಲು, ಮೂಗು ಸೊರಬದ್ದು. ನಾನು ಕೂಸನ್ನು ಬೆಚ್ಚಗೆ ಸುತ್ತಿ ಹಿಡಿದುಕೊಂಡೇ ಊರಿಗೆ ಫೋನು ಮಾಡಿದೆ. ಯಜಮಾನರ ಹಿಂದೆ ಮಾರುಕಟ್ಟೆಯ ಗದ್ದಲ ಕೇಳುತ್ತಿತ್ತು. ಹೆಣ್ಣು ಎಂದ ಕೂಡಲೇ ದನಿಗೆ ಉತ್ಸಾಹ ತಂದುಕೊಂಡರು.

"ಆತು, ಚೊಲೋ ಆತು. ತಾಯಿ ಮಗು ಹುಷಾರಾಗಿದಾರಲ್ಲ, ಅಷ್ಟೇ ಬೇಕು. ಆ ಹೆಸರಿನ ಮಾತು ಬಿಡತ್ಲಾಗೆ ಈಗ. ಮುಂದೆ ಗಂಡಾದ್ರೆ ನೋಡಾನಂತೆ."

ನಾನು ಗೆದ್ದಿದ್ದೆ. ಬೇಡ ಎಂದು ಬಸ್‌ಸ್ಟ್ಯಾಂಡಿನಿಂದ ಹಟ ಹಿಡಿದು ಬಂದ ಸಂಗತಿ ತಾನಾಗಿಯೇ ಕೈಬಿಟ್ಟು ಹೋಗುತ್ತಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಯಾಕೆ ಬಿಡ್ಬೇಕು? ಹೆಣ್ಣಾದ್ರೆ ನನ್ನ ಮಗ ಬರಂಗಿಲ್ಲೇನು? ಇನ್ನೆಷ್ಟು ದಿನ ಕಾಯ್ಬೇಕವನು? ವೀರೇಶ ಅಂತಾನೇ ಇಡೋದು."

ಹೇಳಿದವಳು ನಾನೇ. ಕೇಳಿಸಿಕೊಂಡು ಬೆಚ್ಚಿದವಳೂ ನಾನೇ. ಎರಡು ವರ್ಷ ನಾಲಗೆಯ ಕೆಳಗೆ ಅದುಮಿಟ್ಟ ಹೆಸರು ಆ ಬಿಳಿ ಕೋಣೆಯಲ್ಲಿ ಅಷ್ಟು ದೊಡ್ಡದಾಗಿ ಕೇಳಿಸಿತು. ಪ್ರಸನ್ನ ಕುರ್ಚಿಯಿಂದ ಎದ್ದು ನಿಂತ. ನಿಂಗೆ ಹುಚ್ಚು ಹಿಡಿದೈತೇನು, ನಾಳೆ ಸಾಲ್ಯಾಗೆ ಹುಡುಗ್ರು ನಗಂಗಿಲ್ಲೇನು, ಹೆಣ್ಣುಕೂಸಿಗೆ ಗಂಡಿನ ಹೆಸರು ಯಾರಿಟ್ಟಾರೆ ಎಂದು ಯಜಮಾನರು ಕೂಗತೊಡಗಿದರು. ನಾನು ಫೋನು ಆರಿಸಿದೆ. ಅವರ ಮಾತಿನ ಮಧ್ಯೆ ಫೋನು ಆರಿಸಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಶೈಲಾ ಮಲಗಿದಲ್ಲಿಂದಲೇ ನನ್ನನ್ನು ನೋಡುತ್ತಿದ್ದಳು. ನೀನೇ ಬ್ಯಾಡ ಅಂದಿದ್ದೆಲ್ಲವ್ವ ಎಂದಳು. ನಾನು ಈಗಲೂ ಅವನು ಬಂದಿದ್ದಾನೆ ಎನ್ನುತ್ತಿಲ್ಲ, ಇವಳು ಇವಳೇ ಎಂದೆ. ಹೋದವನು ಹೋದ ಎಂಬ ನನ್ನ ಪಾಠ ತಪ್ಪಲ್ಲ. ಒಬ್ಬ ಮನುಷ್ಯ ಅವನೊಳಗೇ ಮುಗಿಯುತ್ತಾನೆ ಎಂದುಕೊಂಡದ್ದು ತಪ್ಪು. ವೀರೇಶ ಎನ್ನುವುದರಲ್ಲಿ ಅವನಷ್ಟೇ ಇರಲಿಲ್ಲ, ನಾನೂ ಇದ್ದೆ, ಅವರಪ್ಪ ಇದ್ದರು, ಶೈಲಾ ಇದ್ದಳು. ನಾವು ಬದುಕಿದ್ದೂ ನಮ್ಮನ್ನು ಅವನ ಜೊತೆ ಮಣ್ಣು ಮಾಡಿಕೊಂಡು ಕೂತಿದ್ದೆವು. ಇಷ್ಟು ಚೆನ್ನಾಗಿ ಆಗ ಹೇಳಲಿಲ್ಲ, ಅಳುತ್ತ ಏನೇನೋ ಹೇಳಿದೆ. ಇಲ್ಲಿಯ ಮಕ್ಕಳಿಗೆ ಎರಡು ಮೂರು ಹೆಸರಿರುತ್ತವಂತೆ, ತುಷಾರ ಎಂದೂ ಇಡೋಣ, ದೊಡ್ಡವಳಾದ ಮೇಲೆ ತನಗೆ ಬೇಕಾದ್ದನ್ನು ಅವಳೇ ಇಟ್ಟುಕೊಳ್ಳಲಿ ಎಂದು ಶೈಲಾ ಹೇಳಿದಳು. ಅದು ನನಗೂ ಸರಿಯೆನಿಸಿತು.

ಸಂಜೆ ಸಾರಾ ಬಂದಳು. ಕೂಸಿನ ಹೆಸರು ಕೇಳಿದಳು, ಎರಡು ಸಲ ಹೇಳಿ ನೋಡಿದಳು, ನಾಲಗೆ ಹೊರಳಲಿಲ್ಲ. ನಂತರ ಕೂಸಿನ ಬಗ್ಗೆ ಏನೂ ಕೇಳದೆ, ಅವನಿಗೆ ಏನು ಇಷ್ಟವಿತ್ತು ಎಂದಳು. ಪಾತ್ರೆಯ ತಳದಲ್ಲಿ ಸೀದ ಅನ್ನದ ಹಕ್ಕಳೆ ಕೆರೆದು ಉಪ್ಪಿನಕಾಯಿ ಜೊತೆ ತಿನ್ನುತ್ತಿದ್ದುದು, ಬೈಕಿನ ಮೇಲೆ ಒಬ್ಬನೇ ತೊಗರ್ಸಿಗೆ ಹೋಗಿ ದೇವಸ್ಥಾನದ ತಣ್ಣನೆಯ ಕಲ್ಲುಹಾಸಿನ ಮೇಲೆ ಮಲಗಿ ಬರುತ್ತಿದ್ದುದು, ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತಿದ್ದುದು. ಹೇಳುತ್ತ ಹೋದೆ. ಶೈಲಾಗೆ ಗೊತ್ತಿಲ್ಲದ್ದೂ ಕೆಲವಿದ್ದವು. ದಾದಿ ಬಂದು ಹೊತ್ತಾಯಿತು ಎನ್ನುವ ತನಕ ನಾನು ನಿಲ್ಲಿಸಲಿಲ್ಲ.

ಮನೆ

ಯಜಮಾನರು ಮುನಿಸಿಕೊಂಡರು. ಫೋನು ಮಾಡಿದರೆ ಶೈಲಾಳ ಹತ್ತಿರ ಆಡುವುದು, ಕೂಸು ಹಾಲು ಕುಡಿಯಿತೇ ಎಂದು ಕೇಳುವುದು, ಇಡುವುದು. ಕೂಸನ್ನು ಪುಟ್ಟಿ ಎಂದರು, ಪಾಪು ಎಂದರು. ಆ ಹೆಸರಿನ ಹತ್ತಿರ ಸುಳಿಯಲಿಲ್ಲ. ನನ್ನ ಬಗ್ಗೆ ಏನೂ ಕೇಳಲಿಲ್ಲ. ನಾನೂ ನಾನಾಗಿ ಮಾತಾಡಿಸಲು ಹೋಗಲಿಲ್ಲ, ನನ್ನ ಹಟವೇನು ಕಡಿಮೆಯೇ.

ನಾನು ಹೊರಡುವ ಹಿಂದಿನ ವಾರ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಬಾಣಂತಿಯ ಸಾರಿಗೆ ಬೆಳ್ಳುಳ್ಳಿ ಹುರಿಯುತ್ತಿದ್ದೆ. ನಡುಮನೆಯಲ್ಲಿ ಶೈಲಾ ಫೋನನ್ನು ತೊಟ್ಟಿಲ ಮೇಲೆ ಹಿಡಿದು ಕೂಸನ್ನು ತನ್ನಪ್ಪನಿಗೆ ತೋರಿಸುತ್ತಿದ್ದಳು. ಅವರು ಫೋನನ್ನು ಎಂದಿನಂತೆ ಹಣೆಗೆ ಹಿಡಿದುಕೊಂಡಿರಬೇಕು, ಬರೀ ಹಣೆ ಕಾಣ್ತೈತಪ್ಪ ಎಂದು ಅವಳು ನಗುತ್ತಿದ್ದಳು. ಕೆಮ್ಮಿದ್ದು ಕೇಳಿಸಿತು. ಮತ್ತೆ ಕೆಮ್ಮಿದರು. ಆಮೇಲೆ, ಮಾರುಕಟ್ಟೆಯಿಂದ ಬಂದು ಜಗಲಿಯಲ್ಲಿ ಚಪ್ಪಲಿ ಬಿಡುತ್ತ ಕೂಗುತ್ತಿದ್ದ ಆ ದೊಡ್ಡ ದನಿಯಲ್ಲಿ ಕೂಸನ್ನು ಕರೆದರು.

"ವೀರೇಶಾ..."

ಒಲೆ ಸಣ್ಣದು ಮಾಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಓ, ಬಂದೆ" ಎಂದೆ.